ಕಳುವಾಗದ ಎರಡು ಟನ್

ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 8.40ಕ್ಕೆ ಬೇಸಿಯೊ ದ್ವೀಪದ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರುದಾರ ಸೆರು, ವಯಸ್ಸು ನಲವತ್ತೊಂದು, ಊರು ಫಿಜಿ, ಕೆಲಸ ಶೀತಲ ಯಂತ್ರಗಳ ಎಂಜಿನಿಯರ್. ಬಂದರಿನ ಪಕ್ಕದ ಐಸ್ ಕಾರ್ಖಾನೆಗೆ ಹೊಸ ಕೂಲಿಂಗ್ ಟವರ್ ಕೂರಿಸಿಕೊಡಲು ಬಂದವನು. ಇನ್‌ಸ್ಪೆಕ್ಟರ್ ಬೌರೊ ದೂರಿನ ಪುಸ್ತಕ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ಇಪ್ಪತ್ತಾರು ವರ್ಷಗಳಿಂದ ಕೇಳುತ್ತ ಬಂದ ಮೊದಲ ಪ್ರಶ್ನೆಯನ್ನು ಕೇಳಿದ.

"ಏನು ಕಳುವಾಗಿದೆ?"

"ಏನೂ ಕಳುವಾಗಿಲ್ಲ."

"ಏನಾದ್ರೂ ಮುರಿದಿದೆಯಾ?"

"ಮುರಿದಿಲ್ಲ. ಸ್ವಲ್ಪ ಗೀರು ಬಿದ್ದಿದೆ."

"ಮತ್ತೆ ದೂರು ಯಾತರದು?"

"ಎರಡು ಟನ್ ಕಡಿಮೆ ಬಂದಿದೆ ಸಾರ್."

ಬೌರೊ ಪೆನ್ನನ್ನು ಕೆಳಗಿಟ್ಟ. ಪಕ್ಕದ ಮೇಜಿನಲ್ಲಿ ಕಾನ್‌ಸ್ಟೆಬಲ್ ಅಕೊಯಾ ಟೈಪ್ ಮಾಡುವುದನ್ನು ನಿಲ್ಲಿಸಿದಳು.

ಸೆರು ಕಾಗದಗಳನ್ನು ಒಂದೊಂದಾಗಿ ಹರವಿ ವಿವರಿಸಿದ. ಯಂತ್ರ ಲಾರಿಯಷ್ಟು ದೊಡ್ಡದು, ಮುಚ್ಚಿದ ಕಂಟೇನರಿನೊಳಗೆ ಹಿಡಿಸುವುದಿಲ್ಲ. ಆದ್ದರಿಂದ ಪಕ್ಕದ ಗೋಡೆಗಳಿಲ್ಲದ ಕಬ್ಬಿಣದ ಹಲಗೆಯ ಮೇಲೆ ಅದನ್ನು ಕೂರಿಸಿ, ಸರಪಳಿ ಬಿಗಿದು, ಮೇಲೆ ಟಾರ್ಪಾಲು ಹೊದಿಸಿ, ಟಾರ್ಪಾಲಿನ ಹಗ್ಗಕ್ಕೆ ನಂಬರಿನ ಸೀಲು ಹಾಕಿದ್ದರು. ಬ್ರಿಸ್ಬೇನ್ ಬಂದರಿನಲ್ಲಿ ತೂಗಿದಾಗ 6,300 ಕೆ.ಜಿ. ಅಲ್ಲಿಂದ ದೊಡ್ಡ ಹಡಗಿನಲ್ಲಿ ಸುವಾ, ಸುವಾ ಯಾರ್ಡಿನಲ್ಲಿ ಒಂಬತ್ತು ದಿನ ಕಾಯುವಿಕೆ, ಆಮೇಲೆ ಸಣ್ಣ ಹಡಗಿನಲ್ಲಿ ಬೇಸಿಯೊ. ಶುಕ್ರವಾರ ಇಲ್ಲಿ ಇಳಿಸಿದಾಗ ಬಂದರಿನ ಕ್ರೇನು 8,300 ತೋರಿಸಿತು. ಸೋಮವಾರ ಕಾರ್ಖಾನೆಯ ಅಂಗಳದಲ್ಲಿ ಎತ್ತಿದಾಗ ಮತ್ತೆ 6,300.

"ಅಂದ್ರೆ ಸರಿಯಾಗೇ ಇದೆಯಲ್ಲ," ಎಂದ ಬೌರೊ.

"ಈಗ ಸರಿಯಾಗಿದೆ ಸಾರ್. ಮಧ್ಯದಲ್ಲಿ ಎರಡು ಟನ್ ಜಾಸ್ತಿ ಇತ್ತು. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು? ಸೀಲು ಬೇರೆ ಇಲ್ಲ. ಪೊಲೀಸ್ ಕಾಗದ ಇಲ್ದೆ ಕಂಪನಿಯವರು ಗ್ಯಾರಂಟಿ ಕೊಡಲ್ಲ."

"ಬಂದರಿನ ತಕ್ಕಡಿ ಕೆಟ್ಟಿರುತ್ತೆ. ತಿಂಗಳಿಗೊಂದ್ಸಲ ಕೆಡುತ್ತೆ ಅದು."

"ಸಾರ್, ಕೆಡೋ ತಕ್ಕಡಿ ಅಳತೆ ಇಟ್ಟ ಹಾಗೆ ಎರಡು ಟನ್ ಕೆಡುತ್ತಾ?" ಎಂದಳು ಅಕೊಯಾ, ತಲೆ ಎತ್ತದೆ.

ಹಂದಿ ಕಳವು, ದೋಣಿ ಕಳವು, ಹುಳಿ ಕಳ್ಳು ಕುಡಿದು ತಲೆ ಒಡೆದುಕೊಂಡವರು: ಬೌರೊ ಕಂಡಿದ್ದ ಕೇಸುಗಳೆಲ್ಲ ಇಂಥವು. ಅವುಗಳಲ್ಲಿ ಇದ್ದದ್ದು ಹೋಗಿರುತ್ತಿತ್ತು. ಇಲ್ಲದ್ದು ಬಂದು, ಬಂದದ್ದು ಹೋದ ಕೇಸಿನ ತಲೆಬುಡ ಅವನಿಗೆ ತಿಳಿಯಲಿಲ್ಲ. ಎಫ್‌ಐಆರ್ ಬರೆದ. ದೂರುದಾರನ ಹೆಸರು, ದಿನಾಂಕ, ಸ್ಥಳ ತುಂಬಿದ. 'ಯಾವ ಕಲಮಿನಡಿ ಅಪರಾಧ' ಎಂಬ ಅಂಕಣವನ್ನು ಖಾಲಿ ಬಿಟ್ಟ. ಅವನ ಸರ್ವಿಸಿನಲ್ಲಿ ಆ ಅಂಕಣ ಖಾಲಿ ಉಳಿದದ್ದು ಇದೇ ಮೊದಲು, ಮತ್ತು ಅದು ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಅವನನ್ನು ಕಾಡತೊಡಗಿತು.

10.15ಕ್ಕೆ ಸ್ಥಳ ಮಹಜರು ಶುರುವಾಯಿತು. ಪಂಚರು ಇಬ್ಬರು: ಕಾರ್ಖಾನೆಯ ಅಡುಗೆಯವನು ಮತ್ತು ಬಂದರಿನ ಒಬ್ಬ ಬಡಗಿ. ಟಾರ್ಪಾಲಿನ ಹಗ್ಗದಲ್ಲಿ ಸೀಲು ಇರಬೇಕಾದ ಜಾಗದಲ್ಲಿ ಒಂದು ಗಂಟಿತ್ತು. ಅಕೊಯಾ ಬಗ್ಗಿ ಅದನ್ನು ನೋಡಿದಳು, ಒಂದು ತುದಿ ಎಳೆದಳು, ಗಂಟು ಇನ್ನಷ್ಟು ಬಿಗಿಯಾಯಿತು. ಇನ್ನೊಂದು ತುದಿ ಎಳೆದಳು, ಹೂವಿನಂತೆ ಬಿಚ್ಚಿಕೊಂಡಿತು.

"ಇದು ಹಡಗಿನವರ ಗಂಟು ಸಾರ್. ಬಂದರಿನವರು ಹೀಗೆ ಕಟ್ಟಲ್ಲ, ತಂತಿ ಸುತ್ತಿ ಕೈ ತೊಳ್ಕೋತಾರೆ. ನಮ್ಮ ಮಾವ ಮೂವತ್ತು ವರ್ಷ ಹಡಗಲ್ಲಿದ್ದ, ಹಂದಿಯನ್ನೂ ಹೀಗೇ ಕಟ್ತಿದ್ದ."

ಟವರಿನ ಕೆಳಭಾಗದಲ್ಲಿ ನೀರು ನಿಲ್ಲುವ ಅಗಲವಾದ ತೊಟ್ಟಿ, ಅದನ್ನು ತೊಳೆಯಲು ಒಬ್ಬ ಆಳು ನುಸುಳುವಷ್ಟು ಸಣ್ಣ ಬಾಗಿಲು. ಬಾಗಿಲ ಅಂಚಿನ ಬಣ್ಣ ಕಿತ್ತುಹೋಗಿತ್ತು. ತೊಟ್ಟಿಯನ್ನು ಯಾರೋ ಶ್ರದ್ಧೆಯಿಂದ ಗುಡಿಸಿದ್ದರು. ಆದರೆ ನೀರು ಹೊರಹೋಗುವ ತೂತಿನ ಜಾಲರಿಯಲ್ಲಿ ಏನೋ ಕಟ್ಟಿಕೊಂಡಿತ್ತು. ಸೆರು ಸ್ಕ್ರೂಡ್ರೈವರಿನಿಂದ ಕೆರೆದು ಅಂಗೈಗೆ ಹಾಕಿಕೊಂಡ.

ಕಪ್ಪು ಮಣ್ಣು.

ಅಡುಗೆಯವನು ಅದನ್ನು ಮುಟ್ಟಿ ನೋಡಿ ಬೆರಳನ್ನು ಮೂಸಿದ. ಈ ದ್ವೀಪದಲ್ಲಿ ಎಲ್ಲಿ ಅಗೆದರೂ ಬಿಳಿ ಹವಳದ ಮರಳು. ಕಪ್ಪು ಮಣ್ಣನ್ನು ಕೈಯಲ್ಲಿ ಹಿಡಿದವರು ಹೊರದೇಶಕ್ಕೆ ಹೋಗಿ ಬಂದವರು ಮಾತ್ರ. ಮಣ್ಣಿನ ನಡುವೆ ಬಿಳಿಯ ಹುಳವೊಂದು, ಕಿರುಬೆರಳ ಉಗುರಿನಷ್ಟು, ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಬೌರೊ ನೋಡುತ್ತಿದ್ದಂತೆ ಅದು ಮೈಮುರಿಯಿತು.

ಕ್ವಾರಂಟೈನ್ ಕಚೇರಿಯ ಬೆರೆತಾ ಹನ್ನೊಂದು ಗಂಟೆಗೆ ಬಂದಳು. ಐವತ್ತು ದಾಟಿದ ದಪ್ಪ ಹೆಂಗಸು, ಮಾತು ಸಣ್ಣ. ಭೂತಗನ್ನಡಿಯಲ್ಲಿ ಹುಳವನ್ನು ನೋಡಿದಳು, ಗಾಜಿನ ಶೀಸೆಗೆ ಹಾಕಿ ಬಿರಡೆ ಬಿಗಿದಳು.

"ದುಂಬಿ ಮರಿ. ಬಬೈ ಗೆಡ್ಡೆ ಕೊರೆದು ತಿನ್ನೋ ಜಾತಿ ಅಂತ ಕಾಣುತ್ತೆ."

"ಖಂಡಿತಾನಾ?"

"ಖಂಡಿತ ಆಗೋವರೆಗೆ ಕಾಯ್ತೀರಾ? ಹಿಂದೆ ಈ ದಕ್ಷಿಣದ ಕಡೆ ಬಂದಾಗ ಎಷ್ಟು ಬಬೈ ಗುಂಡಿ ಹಾಳಾದವು ಅಂತ ನಿಮ್ಮಮ್ಮನ್ನ ಕೇಳಿ. ಬುವೋಟಾ ಸೇತುವೆಯಿಂದ ಆ ಕಡೆಗೆ, ಉತ್ತರಕ್ಕೆ, ಈ ಹುಳ ಇನ್ನೂ ಹೋಗಿಲ್ಲ. ಎರಡು ಟನ್ ಮಣ್ಣು ಅಲ್ಲಿಗೆ ಹೋಗಿದ್ರೆ, ಹುಳ ಮಣ್ಣಲ್ಲಿರುವಾಗ್ಲೇ ಹಿಡೀಬೇಕು. ರೆಕ್ಕೆ ಬಂದ ಮೇಲೆ ಪೊಲೀಸರ ಕೈಲಿ ಆಗಲ್ಲ."

ಬುವೋಟಾದಲ್ಲಿ ಬೌರೊನ ತಾಯಿಯ ಬಬೈ ಗುಂಡಿಯಿತ್ತು. ಬಬೈಯನ್ನು ಕೆಸುವಿನ ದೊಡ್ಡಣ್ಣ ಎನ್ನಬೇಕು. ಎಲೆ ಆಳೆತ್ತರ, ಗೆಡ್ಡೆ ಒಬ್ಬನಿಂದ ಎತ್ತಲಾಗದಷ್ಟು ಭಾರ. ಮರಳನ್ನು ಆಳವಾಗಿ ತೋಡಿ, ಕೆಳಗಿನ ಸಿಹಿನೀರು ತಾಗುವಲ್ಲಿ ನೆಡುತ್ತಾರೆ. ಮರಳಿನಲ್ಲಿ ಸತ್ವವಿಲ್ಲ, ಅದಕ್ಕೆ ಗಿಡದ ಬುಡಕ್ಕೆ ಎಲೆಗಳನ್ನು ಕಟ್ಟಿ ಕೊಳೆಸಿ ಊಟ ಕೊಡಬೇಕು. ಯಾವ ಎಲೆ ಕೆಳಗೆ, ಯಾವುದು ಮೇಲೆ, ಎಷ್ಟು ದಿನಕ್ಕೊಮ್ಮೆ ಎಂಬುದು ಒಂದೊಂದು ಮನೆಯದೂ ಒಂದೊಂದು ಗುಟ್ಟು. ತಂದೆ ಮಗನಿಗೆ ಹೇಳುತ್ತಾನೆ, ಅಳಿಯನಿಗೆ ಹೇಳುವುದಿಲ್ಲ. ಬೌರೊನಿಗೆ ಹತ್ತೊಂಬತ್ತಾದಾಗ ಅವನಪ್ಪ ಅವನನ್ನು ಗುಂಡಿಯೊಳಗೆ ಇಳಿಸಿ, ಸುತ್ತ ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಪಿಸುಗುಟ್ಟಿದ್ದ. ಬೌರೊ ಅದನ್ನು ಹೆಂಡತಿಗೂ ಹೇಳಿರಲಿಲ್ಲ.

"ಮಣ್ಣನ್ನ ಯಾಕೆ ಕದ್ದು ತರ್ತಾರೆ?" ಎಂದ ಅವನು. ಸಿಗರೇಟಾಗಿದ್ದರೆ, ಸಾರಾಯಿಯಾಗಿದ್ದರೆ ಅವನಿಗೆ ಅರ್ಥವಾಗುತ್ತಿತ್ತು.

ಮಧ್ಯಾಹ್ನ 1.30ಕ್ಕೆ ಬಂದರಿನ ಕಾವಲುಗಾರನ ವಿಚಾರಣೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಿರಾಕಿ. ಪ್ರಶ್ನೆ ಕೇಳುವ ಮುಂಚೆಯೇ "ನಾನೇನೂ ನೋಡಿಲ್ಲ" ಅಂದ.

"ಏನನ್ನ ನೋಡಿಲ್ಲ?"

"ಶನಿವಾರ ಮಧ್ಯಾಹ್ನ ಲಾರಿ ಬಂದದ್ದನ್ನ."

ಅಕೊಯಾ ನಗು ತಡೆಯಲು ಕೆಮ್ಮಿದಳು.

"ನೋಡದೆ ಲಾರಿ ಅಂತ ಹೇಗೆ ಗೊತ್ತಾಯ್ತಪ್ಪಾ?"

"ನೋಡಬೇಡ ಅಂತ ಕೇಳ್ಕೊಂಡ್ರು. ಬುಬುಸಿ ಮಾಡಿದ್ರು ಸಾರ್. ಇಲ್ಲ ಅನ್ನೋಕಾಗುತ್ತಾ? ಗೋಡೆ ಕಡೆ ತಿರುಗಿ ಕೂತೆ. ಎರಡು ಗಂಟೆ ಹೊತ್ತು. ಕುತ್ತಿಗೆ ಇನ್ನೂ ನೋಯ್ತಿದೆ."

ಬೌರೊ ಅವನನ್ನು ಬೈಯಲಿಲ್ಲ, ಬೈಯುವ ಬಾಯಿ ಅವನಿಗಿರಲಿಲ್ಲ. ಬಾಯಿ ಬಿಟ್ಟು 'ಬೇಡುತ್ತಿದ್ದೇನೆ' ಎಂದು ನಂಟನೊಬ್ಬ ಕೇಳಿದರೆ ಕೊಡಲೇಬೇಕು. ಅದಕ್ಕೇ ಬುಬುಸಿ ಎನ್ನುವುದು. ಹೋದ ವರ್ಷ ಬೌರೊನ ಸ್ವಂತ ಮೋಟಾರ್ ಬೈಕು ಇದೇ ರೀತಿ ದೊಡ್ಡಪ್ಪನ ಮಗನ ಮನೆ ಸೇರಿತ್ತು. ಈಗ ಅವನು ಠಾಣೆಗೆ ಬಸ್ಸಿನಲ್ಲಿ ಬರುತ್ತಿದ್ದ.

"ಯಾರು ಕೇಳಿದ್ದು?"

"ಅದನ್ನ ಹೇಳಬೇಡ ಅಂತಲೂ ಕೇಳ್ಕೊಂಡಿದ್ದಾರೆ."

"ಲಾರಿ ಯಾರದು? ಅದನ್ನ ಹೇಳಬೇಡ ಅಂದಿದ್ರಾ?"

ಕಾವಲುಗಾರ ಯೋಚಿಸಿದ. "ಇಲ್ಲ. ಅದನ್ನ ಮರೆತುಬಿಟ್ರು."

ಲಾರಿ ಬೈರಿಕಿಯ ಟೋಕಾನದು. 3.10ಕ್ಕೆ ಅವನು ಲಾರಿಯ ಕೆಳಗೆ ಮಲಗಿ ಎಂಜಿನ್ ಎಣ್ಣೆ ಬಸಿಯುತ್ತಿದ್ದ, ಅಲ್ಲೇ ಮಲಗಿಕೊಂಡು ಉತ್ತರ ಕೊಟ್ಟ.

"ಎಷ್ಟು ಚೀಲ?"

"ನಲವತ್ತು."

"ಒಳಗೇನಿತ್ತು?"

"ಅಕ್ಕಿ ಅಂದ್ಕೊಂಡೆ."

"ಅಕ್ಕಿ ಚೀಲ ಕೂಲಿಂಗ್ ಟವರೊಳಗೆ ಇರುತ್ತೇನಯ್ಯಾ?"

"ಫ್ರಿಜ್ಜಲ್ಲಿ ಜನ ಏನೇನೋ ಇಡ್ತಾರೆ."

"ಎಲ್ಲಿ ಇಳಿಸಿದೆ?"

"ಬುವೋಟಾ ದೋಣಿಕಟ್ಟೆ."

ಬೌರೊ ಬಗ್ಗಿ ಲಾರಿಯ ಕೆಳಗೆ ಮುಖ ಹಾಕಿದ. "ಬುವೋಟಾದಲ್ಲಿ ಯಾರ ಮನೆಗೆ?" ಅವನ ದನಿ ಪೊಲೀಸಿನವನ ದನಿಯಾಗಿ ಉಳಿದಿರಲಿಲ್ಲ.

"ಯಾರ ಮನೆಗೂ ಅಲ್ಲ. ಅಲ್ಲಿಂದ ದೋಣಿಗೆ ತುಂಬ್ಕೊಂಡು ಉತ್ತರಕ್ಕೆ ಹೋದ್ರು. ಟೆರಾಕಾ ಅಜ್ಜ."

ಹೇಳಿಬಿಟ್ಟ ಮೇಲೆ ಟೋಕಾ ಎಣ್ಣೆಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ಹೆಸರು ಹೇಳಬೇಡ ಅಂತ ಅವರು ನಂಗೂ ಕೇಳ್ಕೊಂಡಿದ್ರಾ ಅಂತ ನೆನಪಾಗ್ತಿಲ್ಲ," ಎಂದು ಗೊಣಗಿದ.

ಟೆರಾಕಾ, ವಯಸ್ಸು ಅರವತ್ತೊಂದು. ಸುವಾದಿಂದ ಟವರನ್ನು ತಂದ ಅದೇ ಹಡಗಿನ ಬೋಸನ್, ಅಂದರೆ ಡೆಕ್ಕಿನ ಮೇಸ್ತ್ರಿ. ಸರಕು ಬಿಗಿಯುವುದು, ಸರಪಳಿ ನೋಡಿಕೊಳ್ಳುವುದು, ಟಾರ್ಪಾಲು ಕಟ್ಟುವುದು ಅವನ ಕೆಲಸ. ಮೂವತ್ತನಾಲ್ಕು ವರ್ಷ ಕಡಲಲ್ಲಿದ್ದು, ಇದೇ ಶುಕ್ರವಾರ ಕೊನೆಯ ಸಲ ಹಡಗಿಳಿದಿದ್ದ. ದಾಖಲೆಯಲ್ಲಿ ಒಂದೂ ಕಪ್ಪು ಚುಕ್ಕೆಯಿಲ್ಲ. ಹಡಗಿನ ಏಜೆಂಟರು, "ಟೆರಾಕಾನಾ? ಅವನು ಕಟ್ಟಿದ ಸರಕು ಇವತ್ತಿನವರೆಗೆ ಒಂದಿಂಚು ಜರುಗಿಲ್ಲ," ಎಂದರು. ಬೌರೊನಿಗೆ ಇನ್ನಷ್ಟು ಗೊಂದಲವಾಯಿತು. ಬುವೋಟಾದವರ ಲೆಕ್ಕದಲ್ಲಿ ಟೆರಾಕಾ ಅವನಿಗೆ ಅಜ್ಜಿಯ ಕಡೆಯಿಂದ ದೂರದ ನಂಟನೂ ಹೌದು. ಈ ದ್ವೀಪದಲ್ಲಿ ಅಗೆಯುತ್ತ ಹೋದರೆ ಕಳ್ಳನೂ ನಂಟ, ಪೊಲೀಸನೂ ನಂಟ.

ಮಾರ್ಚ್ 13, ಬುಧವಾರ. ಬೆಳಿಗ್ಗೆ 6.30ರ ಉಬ್ಬರಕ್ಕೆ ಬೌರೊ, ಅಕೊಯಾ ಮತ್ತು ಬೆರೆತಾ ದೋಣಿ ಹತ್ತಿದರು. 8.05ಕ್ಕೆ ಟೆರಾಕಾನ ಕೇರಿ ತಲುಪಿದರು. ಇಪ್ಪತ್ತೆರಡು ಮನೆ, ಒಂದು ಇಗರ್ಜಿ, ನಡುವೆ ದೊಡ್ಡ ಸೂರಿನ ಸಭಾಮನೆ. ಊರಿನ ಹಿರಿಯರು ಅದಾಗಲೇ ಚಾಪೆಯ ಮೇಲೆ ಕೂತಿದ್ದರು, ಪೊಲೀಸರಿಗಿಂತ ಮುಂಚೆ ಪೊಲೀಸರ ಸುದ್ದಿ ಬಂದಿತ್ತು. ಬೌರೊ ಕಾಣಿಕೆಯ ಹೊಗೆಸೊಪ್ಪಿನ ಕಟ್ಟನ್ನು ಮುಂದಿಟ್ಟು ಕೂತ.

"ಹಿರಿಯರೇ, ಗುಂಡಿಗಳನ್ನ ನೋಡಬೇಕಾಗಿದೆ."

ಎಲ್ಲರಿಗಿಂತ ಮುದುಕ ಹೊರಗಿನ ತೆಂಗಿನ ಮರಗಳ ಕಡೆ ನೋಡುತ್ತ, "ಯಾರ ಗುಂಡಿ?" ಎಂದ.

"ಗೊತ್ತಿಲ್ಲ. ಹೊಸ ಮಣ್ಣು ಹಾಕಿದ ಗುಂಡಿ."

"ಗುಂಡಿಗೆ ಯಾರು ಏನು ಹಾಕ್ತಾರೆ ಅಂತ ನಾವು ಕೇಳಲ್ಲ. ನಮ್ಮನ್ನೂ ಯಾರೂ ಕೇಳಲ್ಲ. ನೀನು ಬುವೋಟಾದವನು, ನಿಂಗೆ ಇದನ್ನ ಬಾಯಿಬಿಟ್ಟು ಹೇಳಬೇಕಾ?"

ನಿಜವಾಗಿ ನಾಚಿಕೆಯಾಯಿತು ಬೌರೊನಿಗೆ. ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳ ಪೆಟ್ಟಿಗೆ ತೆಗೆದು ತೋರಿಸಿ ಎಂದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಆಗ ಬೆರೆತಾ ಚೀಲದಿಂದ ಶೀಸೆ ತೆಗೆದು ಚಾಪೆಯ ಮೇಲಿಟ್ಟಳು. ಹುಳ ಒಳಗೆ ಹೊರಳಾಡುತ್ತಿತ್ತು. ಮುದುಕ ಬಗ್ಗಿ ನೋಡಿದ, ಪಕ್ಕದವನಿಗೆ ಕೊಟ್ಟ. ಶೀಸೆ ಕೈಯಿಂದ ಕೈಗೆ ಒಂದು ಸುತ್ತು ಬಂತು.

"ನೋಡಿ," ಎಂದ ಮುದುಕ ಕೊನೆಗೆ. "ಕಣ್ಣು ತೆರೆದಿರಲಿ, ಬಾಯಿ ಮುಚ್ಚಿರಲಿ. ಕಂಡದ್ದನ್ನ ಊರ ಮುಂದೆ ಹೇಳಬೇಡಿ."

ಹದಿನಾಲ್ಕು ಗುಂಡಿಗಳನ್ನು ಅವರು ನೋಡಿದರು. ಒಂದೊಂದರ ಅಂಚಿನಲ್ಲೂ ಆ ಮನೆಯವರು ಬೆನ್ನು ತಿರುಗಿಸಿ ನಿಂತರು. ಹದಿನೈದನೆಯದು ಕೇರಿಯ ಕೊನೆಯಲ್ಲಿತ್ತು. ಹತ್ತು ಗಿಡಗಳ ಜಾಗ, ಎಂಟು ಕೊಳೆತು ಮಲಗಿದ್ದವು, ಎರಡು ಹಳದಿಗೆ ತಿರುಗಿ ನಿಂತಿದ್ದವು. ಬಿಳಿ ಮರಳಿನ ನಡುವೆ ಆ ಎರಡರ ಬುಡದಲ್ಲಿ ಮಾತ್ರ ಕಪ್ಪು ಮಣ್ಣು ಗುಡ್ಡೆಯಾಗಿತ್ತು. ಉಳಿದ ಚೀಲಗಳನ್ನು ಅಂಚಿನಲ್ಲಿ ಸಾಲಾಗಿ ಜೋಡಿಸಿ, ಒಂದೂ ಜರುಗದಂತೆ ಹಗ್ಗ ಹಾಕಿ ಬಿಗಿಯಲಾಗಿತ್ತು. ಅದೇ ಗಂಟು.

ಗುಂಡಿಯೊಳಗೆ ಕೂತಿದ್ದವನು ತಲೆ ಎತ್ತಿದ. "ಬಂದ್ರಾ? ನಿನ್ನೆ ಬರ್ತೀರಿ ಅಂದ್ಕೊಂಡಿದ್ದೆ," ಎಂದ.

ವಿಚಾರಣೆ ಅಲ್ಲೇ ನಡೆಯಿತು. ಸಮಯ 10.20. ಅಕೊಯಾ ಬರೆದುಕೊಂಡಳು.

"ಹೆಸರು?"

"ನಿಂಗೊತ್ತಲ್ಲ."

"ದಾಖಲೆಗೆ ಬೇಕು ಅಜ್ಜ."

"ಟೆರಾಕಾ."

"ಮಣ್ಣು ಎಲ್ಲಿಂದ?"

"ಸುವಾ. ತೋಟದ ಅಂಗಡಿಯಿಂದ ಕೊಂಡದ್ದು. ರಸೀದಿ ಇದೆ."

"ಟವರೊಳಗೆ ಯಾಕೆ ಇಟ್ರಿ?"

"ಹೊಸ ಯಂತ್ರ. ಅದರೊಳಗೆ ಯಾರೂ ಇಣುಕಲ್ಲ. ತೊಟ್ಟಿ ಅಗಲವಾಗಿದೆ, ಭಾರ ಸಮನಾಗಿ ಕೂರುತ್ತೆ. ಒಂಬತ್ತು ದಿನ ಯಾರ್ಡಲ್ಲಿ ಬಿದ್ದಿತ್ತು, ಸರಪಳಿ ಬಿಗೀತೀನಿ ಅಂತ ದಿನಾ ನಾಲ್ಕೈದು ಚೀಲ ಒಳಗೆ ಹಾಕಿದೆ."

"ಹೊರದೇಶದ ಮಣ್ಣು ತರಬಾರದು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಅದರಲ್ಲಿ ಹುಳ ಇತ್ತು ಅಂತ?"

ಟೆರಾಕಾ ಅವನನ್ನೇ ನೋಡಿದ. ಬೆರೆತಾ ಗುಂಡಿಗಿಳಿದು, ಕಪ್ಪು ಮಣ್ಣಿನಲ್ಲಿ ಕೈ ಆಡಿಸಿ, ಎರಡು ಬೆರಳ ನಡುವೆ ಹಿಡಿದದ್ದನ್ನು ಅವನ ಮುಂದೆ ಚಾಚಿದಳು. ಅವನು ಮೊದಲು ನೋಡಿದ್ದು ಪಕ್ಕದ ಮನೆಯವರ ಗುಂಡಿಯ ಕಡೆ, ಅಲ್ಲಿ ಆಳೆತ್ತರದ ಎಲೆಗಳು ಗಾಳಿಗೆ ಆಡುತ್ತಿದ್ದವು.

"ಹಡಗಲ್ಲಿ ಇಲಿ ಇದೆಯಾ ನೋಡ್ತೀವಿ," ಎಂದ ಮೆಲ್ಲಗೆ. "ಮಣ್ಣಿನ ವಿಷಯ ನಂಗೊತ್ತಿಲ್ಲಮ್ಮಾ. ಏನೂ ಗೊತ್ತಿಲ್ಲ. ಅದೇ ತಾನೇ ಆಗಿದ್ದು."

ಬೌರೊ ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತ. "ಸರಿಯಾಗಿ ಹೇಳಿ ಅಜ್ಜ."

ಗುಂಡಿ ನೋಡಿಕೊಳ್ಳುತ್ತಿದ್ದವನು ಟೆರಾಕಾನ ಅಣ್ಣ. ಮದುವೆಯಾಗದವನು. ಮನೆಯ ಗುಟ್ಟು ಹಿರಿಮಗನಿಗೆ ಹೋಗುತ್ತದೆ, ಕಿರಿಯ ಕಡಲಿಗೆ ಹೋದ. ಹೋದ ವರ್ಷ ಜೂನ್ ತಿಂಗಳಲ್ಲಿ ಅಣ್ಣ ಆಸ್ಪತ್ರೆ ಸೇರಿದ. ಟೆರಾಕಾನ ಹಡಗು ಆಗ ಎರಡು ವಾರದಷ್ಟು ದೂರದಲ್ಲಿತ್ತು. ಅಣ್ಣ ಹಡಗಿಗೆ ಫೋನ್ ಮಾಡಿಸಿದ.

"ಏನಂದ್ರು?"

"'ಪಕ್ಕದಲ್ಲಿ ಯಾರಾದ್ರೂ ಇದ್ದಾರಾ' ಅಂದ. ಕ್ಯಾಪ್ಟನ್ನು, ಇನ್ನಿಬ್ಬರು ಇದ್ದಾರೆ ಅಂದೆ. ಅವನ ಹತ್ರ ನರ್ಸ್ ಇದ್ಲು. 'ಹಾಗಾದ್ರೆ ಬೇಡ. ಬೇಗ ಬಾ, ಬಂದ ಮೇಲೆ ಹೇಳ್ತೀನಿ' ಅಂದ. ನಾನು ಬರೋಷ್ಟರಲ್ಲಿ ಮಣ್ಣಾಗಿ ಹದಿಮೂರು ದಿನ."

ಅಕೊಯಾಳ ಪೆನ್ನು ನಿಂತಿತ್ತು. "ಬರಿ," ಎಂದ ಬೌರೊ.

"ಒಂದೊಂದೇ ಗಿಡ ಹೋಯ್ತು. ಕೈಗೆ ಸಿಕ್ಕ ಎಲೆ ಹಾಕಿದೆ, ಕೊಳೆತು ನಾತ ಬಂತು. ಯಾರನ್ನ ಕೇಳಲಿ? ಇಪ್ಪತ್ತೆರಡು ಮನೆ ಇದೆ, ಎಲ್ಲರಿಗೂ ಅವರವರದು ಗೊತ್ತು. ಕೇಳಬಾರದಲ್ಲ. ಸುವಾದಲ್ಲಿ ನೋಡ್ತೀನಿ, ರಸ್ತೆ ಬದಿಲಿ ಕೆಸು ತಾನೇ ತಾನಾಗಿ ಬೆಳೆದಿದೆ. ಮಣ್ಣು ಚೆನ್ನಾಗಿದ್ರೆ ಗುಟ್ಟು ಯಾಕೆ ಬೇಕು ಅನ್ನಿಸ್ತು. ಮೂವತ್ತನಾಲ್ಕು ವರ್ಷ ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಳಿಸಿದವನು ನಾನು. ನಂಗೆ ಗೊತ್ತಿರೋದು ಅದೊಂದೇ."

ಬರುವ ಜೂನ್ ತಿಂಗಳಲ್ಲಿ ಅಣ್ಣನ ವರ್ಷದ ಊಟ ಸಭಾಮನೆಯಲ್ಲಿ ಆಗಬೇಕಿತ್ತು. ಆ ದಿನ ಆ ಮನೆಯ ಗುಂಡಿಯ ಬಬೈ ಎಲೆಯ ಮೇಲೆ ಬರಲೇಬೇಕು. ಇದನ್ನು ಟೆರಾಕಾ ಹೇಳಲಿಲ್ಲ. ಹೇಳದೆಯೂ ಮೂವರಿಗೂ ಗೊತ್ತಿತ್ತು.

11.05ಕ್ಕೆ ಬಂಧನ. ಖಾಲಿ ಬಿಟ್ಟಿದ್ದ ಅಂಕಣದಲ್ಲಿ ಬೌರೊ ಎರಡು ಕಲಮುಗಳನ್ನು ತುಂಬಿದ: ಪರವಾನಗಿ ಇಲ್ಲದೆ ಹೊರದೇಶದ ಮಣ್ಣು ತಂದದ್ದು, ಸರಕಿನ ಸೀಲು ಒಡೆದದ್ದು. ತುಂಬಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ.

ಜಫ್ತಿ ಮಾಡಿದ ಮಣ್ಣನ್ನು ಸಮುದ್ರ ದಂಡೆಯಲ್ಲಿ ತಗಡುಗಳ ಮೇಲೆ ಹರಡಿ, ತೆಂಗಿನ ಚಿಪ್ಪಿನ ಬೆಂಕಿಯಲ್ಲಿ ಹುರಿದರು. ಊರಿನವರೆಲ್ಲ ಕೈ ಹಾಕಿದರು, ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಸಿಕ್ಕ ಹುಳ ಹನ್ನೊಂದು. ಬೆರೆತಾ ಉಳಿದೆರಡು ಗಿಡಗಳ ಬೇರನ್ನು ಕಿತ್ತು ತೊಳೆದು ಬೆರಳಿನಿಂದ ಒಂದೊಂದೇ ಎಳೆ ತಡವಿದಳು. ಹುಳ ಮುಟ್ಟಿರಲಿಲ್ಲ. ಪಕ್ಕದ ಗುಂಡಿಗಳನ್ನು ಆರು ತಿಂಗಳು ತಿಂಗಳಿಗೊಮ್ಮೆ ನೋಡಬೇಕು ಎಂದು ಬರೆದುಕೊಂಡಳು. ಗಿಡಗಳನ್ನು ಬರಿಯ ಬಿಳಿ ಮರಳಿಗೆ ಮತ್ತೆ ನೆಡಲು ಬಿಟ್ಟಳು. ಟೆರಾಕಾ ನೆಡುವಾಗ ಬೌರೊ ಬೇರೆ ಕಡೆ ನೋಡಿದ. ಬುಡಕ್ಕೆ ಮರಳು ಒತ್ತುವ ರೀತಿಯೇ ತಪ್ಪಾಗಿತ್ತು.

ವಾಪಸು ದೋಣಿಯಲ್ಲಿ ಟೆರಾಕಾನ ಕೈಗೆ ಬೇಡಿ ಹಾಕಿರಲಿಲ್ಲ. ಅರ್ಧ ದಾರಿಯಲ್ಲಿ, ಬುವೋಟಾ ಕಾಣುವ ಹೊತ್ತಿಗೆ, ಅವನು ಬಾಯಿಬಿಟ್ಟ.

"ಬೌರೊ. ನಿನ್ನಜ್ಜಿ ನಮ್ಮಮ್ಮನಿಗೆ ಚಿಕ್ಕಮ್ಮ ಆಗಬೇಕು."

"ಗೊತ್ತು ಅಜ್ಜ."

"ಹಾಗಾದ್ರೆ ಬೇಡ್ತಿದ್ದೀನಿ. ಬುಬುಸಿ. ನಿಮ್ಮನೆ ಗುಂಡಿಗೆ ಏನು ಹಾಕ್ತೀರಿ, ಅದನ್ನ ಹೇಳು."

ಅಕೊಯಾ ಬೇಗ ನೀರಿನ ಕಡೆ ತಿರುಗಿದಳು. ಬೆರೆತಾ ಅದಾಗಲೇ ತಿರುಗಿದ್ದಳು. ಬೇಡಿದ್ದಕ್ಕೆ ಇಲ್ಲ ಎನ್ನಬಾರದು, ಮನೆಯ ಗುಟ್ಟನ್ನು ಹೇಳಬಾರದು. ಈ ಎರಡು ಮಾತುಗಳು ಒಂದಕ್ಕೊಂದು ಎದುರಾದದ್ದನ್ನು ಬೌರೊ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಕೇಳುವವನು ಆರೋಪಿ, ತಾನು ತನಿಖಾಧಿಕಾರಿ ಎಂಬುದು ಅವನಿಗೆ ಆ ಗಳಿಗೆಯಲ್ಲಿ ನೆನಪಾಗಲೂ ಇಲ್ಲ. ದೋಣಿಯ ಎಂಜಿನ್ ಬಡಿದುಕೊಳ್ಳುತ್ತಿತ್ತು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಟೆರಾಕಾನೂ ಎರಡನೆಯ ಸಲ ಕೇಳಲಿಲ್ಲ. ಎರಡನೆಯ ಸಲ ಕೇಳಿದರೆ ಬೇಡಿದ ಹಾಗಾಗುವುದಿಲ್ಲ, ಕಾಡಿದ ಹಾಗಾಗುತ್ತದೆ.

ಮಾರ್ಚ್ 14, ಗುರುವಾರ. ಬೆಳಿಗ್ಗೆ 9ಕ್ಕೆ ಸೆರು ಬಂದು ಪೊಲೀಸ್ ಕಾಗದ ತೆಗೆದುಕೊಂಡ. ಓದಿದ, ಇನ್ನೊಮ್ಮೆ ಓದಿದ.

"ಮಣ್ಣಾ?"

"ಮಣ್ಣು."

"ನಮ್ಮೂರಲ್ಲಿ ಅದನ್ನ ತುಳ್ಕೊಂಡು ಓಡಾಡ್ತೀವಿ ಸಾರ್." ಅವನು ತಲೆ ಕೆರೆದುಕೊಳ್ಳುತ್ತ ಹೊರಟುಹೋದ. ಆ ವಾರಾಂತ್ಯಕ್ಕೆ ಕಾರ್ಖಾನೆಯಲ್ಲಿ ಐಸ್ ಬೀಳುತ್ತದೆ ಎಂದು ಮೀನುಗಾರರಿಗೆ ಹೇಳಿಕೊಂಡಿದ್ದ.

ಲಾಕಪ್ಪಿನವರ ಊಟ ಅವರವರ ಮನೆಯಿಂದ ಬರಬೇಕು. ಟೆರಾಕಾನಿಗೆ ಮನೆಯಲ್ಲಿ ಯಾರೂ ಇರಲಿಲ್ಲ. 12.40ಕ್ಕೆ ಬೌರೊ ಬಸ್ಸಿಳಿದು ಬಂದ, ಕೈಯಲ್ಲಿ ಬುತ್ತಿ. ಬೆಳಿಗ್ಗೆ ಸೆರು ಹೋದೊಡನೆ ಅವನು ಬುವೋಟಾಕ್ಕೆ ಹೋಗಿದ್ದ, ತಾಯಿಯ ಮನೆಗೆ. ಅವಳಿಗೆ ಏನು ಹೇಳಿದ, ಅವಳು ಏನಂದಳು ಎಂಬುದು 'ಕೇಸ್ ಡೈರಿ'ಯಲ್ಲಿಲ್ಲ.

ಬುತ್ತಿಯನ್ನು ಅವನು ಕಂಬಿಯ ಸಂದಿಯಿಂದ ಒಳಗಿಟ್ಟ. ಅನ್ನ, ಸುಟ್ಟ ಮೀನು, ಸುತ್ತಲೂ ಎಲೆ. ಬುತ್ತಿ ಕಟ್ಟಲು ಒಂದು ಎಲೆ ಸಾಕು. ಇದಕ್ಕೆ ಒಂದರ ಮೇಲೊಂದು ಬೇರೆ ಬೇರೆ ಮರದ ಎಲೆಗಳಿದ್ದವು, ಕೆಲವು ಹಸಿರು, ಕೆಲವು ಬಾಡಿಸಿದ್ದು, ಹೊರಗಿನದಕ್ಕೆ ನಾರಿನಿಂದ ಕೆಲವು ಸುತ್ತು. ಎಷ್ಟು ಎಲೆ, ಎಷ್ಟು ಸುತ್ತು, ಯಾವ ಮರದ್ದು ಎಂಬುದನ್ನು ನಾನೂ ಇಲ್ಲಿ ಬರೆಯುವುದಿಲ್ಲ.

"ಊಟ ಮಾಡಿ ಅಜ್ಜ. ನಿಧಾನವಾಗಿ ಬಿಚ್ಚಿ."

ಟೆರಾಕಾ ನಾರಿನ ತುದಿಗೆ ಕೈ ಹಾಕಿದವನು ನಿಲ್ಲಿಸಿದ. ಬೌರೊನ ಮುಖ ನೋಡಿದ. ಬೌರೊ ಗೋಡೆಯ ಕಡೆ ತಿರುಗಿ, ಬಂದರಿನ ಕಾವಲುಗಾರನ ಹಾಗೆ ಕೂತುಕೊಂಡ. ಹಿಂದಿನಿಂದ ಎಲೆ ಸರಿಯುವ ಸದ್ದು ಒಂದೊಂದಾಗಿ ಕೇಳಿತು. ತುಂಬ ಹೊತ್ತು ಹಿಡಿಯಿತು. ನಡುವೆ ಒಮ್ಮೆ ಮುದುಕ ಮೂಗು ಎಳೆದುಕೊಂಡದ್ದೂ ಕೇಳಿತು.

ತಾನು ಗುಟ್ಟನ್ನು ಹೇಳಿದನೋ ಹೇಳಲಿಲ್ಲವೋ, ಕೊಟ್ಟನೋ ಕಾಪಾಡಿದನೋ ಬೌರೊನಿಗೆ ಆಗಲೂ ತಿಳಿಯಲಿಲ್ಲ, ನಿವೃತ್ತನಾದ ಮೇಲೂ ತಿಳಿಯಲಿಲ್ಲ. ಅವನು ತಿರುಗಿ ನೋಡಿದಾಗ ಅನ್ನ ಖಾಲಿಯಾಗಿತ್ತು. ಎಲೆಗಳನ್ನು ಟೆರಾಕಾ ಒರೆಸಿ, ಬಂದ ಕ್ರಮದಲ್ಲೇ ಮತ್ತೆ ಒಂದರ ಮೇಲೊಂದು ಜೋಡಿಸಿ, ನಾರನ್ನು ಅಷ್ಟೇ ಸುತ್ತು ಸುತ್ತಿ, ಹಡಗಿನವರ ಗಂಟು ಹಾಕಿ ಎದೆಗೆ ಒತ್ತಿಕೊಂಡಿದ್ದ.

ಬೌರೊ ಮೇಜಿಗೆ ಹೋಗಿ ಡೈರಿ ತೆರೆದು ಬರೆದ: 'ಮಧ್ಯಾಹ್ನ 1.25. ಆರೋಪಿಗೆ ಊಟ ಕೊಡಲಾಯಿತು.'